ಸಾಯಲು ಒಂದು ಕಂತು, ಬದುಕಲು 37

(ಒಂದು ಭಾನುವಾರ ಸಂಜೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹಳೆಯ ಟಿವಿ ಧಾರಾವಾಹಿಗಳ ಬಗ್ಗೆ ಆಡಿದ ಮಾತು. ಕೇಳಿಸಿಕೊಂಡವರು ಬರೆದು ಕೊಡಿ ಎಂದರು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ತುಣುಕು ತೋರಿಸಿ ಶುರು ಮಾಡೋಣ ಅಂದುಕೊಂಡಿದ್ದೆ. ನನ್ನ ಲ್ಯಾಪ್‌ಟಾಪಿಗೂ ಇಲ್ಲಿಯ ಪ್ರಾಜೆಕ್ಟರಿಗೂ ಹೊಂದಾಣಿಕೆ ಆಗಲಿಲ್ಲ. ಹಾಗಾಗಿ ಬಾಯಲ್ಲೇ ಹೇಳುತ್ತೇನೆ, ನೀವು ಕಣ್ಣು ಮುಚ್ಚಿಕೊಂಡು ನೋಡಿ.

ಒಂದು ಪ್ರಯೋಗಾಲಯ. ಮುಖಕ್ಕೆ ಮಾಸ್ಕ್ ಹಾಕಿಕೊಂಡ ಒಬ್ಬ ವಿಜ್ಞಾನಿ. ಅವನ ಕೈಯಿಂದ ಗಾಜಿನ ಸೀಸೆ ಜಾರುತ್ತದೆ, ಒಡೆಯುತ್ತದೆ. ಮುಂದಿನ ದೃಶ್ಯದಲ್ಲಿ ಅವನು ಪ್ರಯಾಣದಲ್ಲಿದ್ದಾನೆ. ವಿಮಾನ ಏರುತ್ತದೆ. ಪಾಸ್‌ಪೋರ್ಟಿನ ಮೇಲೆ ಠಪ್ ಅಂತ ಒಂದು ಮುದ್ರೆ. ಇನ್ನೊಂದು ಊರು, ಇನ್ನೊಂದು ಮುದ್ರೆ. ಮನುಷ್ಯ ಕುಸಿದು ಬೀಳುತ್ತಾನೆ. ಮುದ್ರೆಗಳು ಮಾತ್ರ ಬೀಳುತ್ತಲೇ ಇರುತ್ತವೆ. ಒಂದೇ ಒಂದು ಮಾತಿಲ್ಲ, ಬರೀ ಸಂಗೀತ. ಅಷ್ಟೇ. ಜಗತ್ತು ಮುಗಿಯಿತು. ಇನ್ನು ಕಥೆ ಶುರು.

ಇದು ಬಿಬಿಸಿಯ ‘ಸರ್ವೈವರ್ಸ್’. ಬದುಕಿ ಉಳಿದವರು ಅಂತ ಅರ್ಥ. ಮೊದಲ ಕಂತು ಬಂದದ್ದು 1975ರ ಏಪ್ರಿಲ್ 16ರಂದು. 1977ರ ಜೂನ್‌ವರೆಗೆ ಮೂರು ಸರಣಿ, ಒಟ್ಟು 38 ಕಂತು.

2020ರಲ್ಲಿ ಈ ಶೀರ್ಷಿಕೆ ದೃಶ್ಯವನ್ನು ಬಹಳ ಜನ ಹುಡುಕಿಕೊಂಡು ಹೋಗಿ ನೋಡಿದರು. ‘ಅಯ್ಯೋ, ಆಗಲೇ ಹೇಳಿಬಿಟ್ಟಿದ್ದರಲ್ಲ’ ಎಂದು ಆಶ್ಚರ್ಯಪಟ್ಟರು. ನನಗೆ ಈ ಭವಿಷ್ಯವಾಣಿಯ ಮಾತು ಇಷ್ಟವಿಲ್ಲ. ಕಾಯಿಲೆ ಮನುಷ್ಯನ ಜೊತೆ ಟಿಕೆಟ್ ತೆಗೆದುಕೊಂಡು ಓಡಾಡುತ್ತದೆ ಅನ್ನುವುದು 1975ರಲ್ಲಿ ಹೊಸ ವಿಷಯವೇನೂ ಆಗಿರಲಿಲ್ಲ. ನಮ್ಮ ಬೆಂಗಳೂರನ್ನೇ ನೋಡಿ. ಪ್ಲೇಗು ಹಾಂಗ್‌ಕಾಂಗ್ ದಾಟಿ 1896ರಲ್ಲಿ ಬೊಂಬಾಯಿಗೆ ಬಂತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂದಿಳಿಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಭಯ ಇದೆ. ಹಳ್ಳಿಗಳಲ್ಲಿ ಇಲಿ ಬಿತ್ತು ಅಂದರೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಒಂದು ವ್ಯತ್ಯಾಸ ಏನೆಂದರೆ, ನಮ್ಮವರಿಗೆ ವಾಪಸ್ ಬರಲು ಊರು ಅಂತ ಒಂದು ಇರುತ್ತಿತ್ತು. ಈ ಧಾರಾವಾಹಿಯಲ್ಲಿ ಅದಿಲ್ಲ. ಇಲ್ಲಿ 5,000 ಜನರಲ್ಲಿ 4,999 ಜನ ಸಾಯುತ್ತಾರೆ. ಅದೂ ಕೆಲವೇ ವಾರಗಳಲ್ಲಿ. ಆಗ ಬ್ರಿಟನ್ನಿನಲ್ಲಿ ಸುಮಾರು ಐದೂವರೆ ಕೋಟಿ ಜನ. ಲೆಕ್ಕ ಹಾಕಿದರೆ ಉಳಿಯುವವರು 11,000 ಅಷ್ಟೇ. ಇಡೀ ದೇಶಕ್ಕೆ! ನಮ್ಮ ಒಂದು ದೊಡ್ಡ ಜಾತ್ರೆಗೂ ಸಾಲದು.

ಇದನ್ನು ಹುಟ್ಟುಹಾಕಿದವರು ಟೆರಿ ನೇಶನ್. ವೇಲ್ಸ್‌ನ ಕಾರ್ಡಿಫ್‌ನವರು. ‘ಡಾಕ್ಟರ್ ಹೂ’ ನೋಡುವ ಮಕ್ಕಳು ಮನೆಯಲ್ಲಿದ್ದರೆ ಡಾಲೆಕ್ ಎಂಬ ಡಬ್ಬಿ ರಾಕ್ಷಸರ ಹೆಸರು ಕೇಳಿರುತ್ತೀರಿ. 1963ರಲ್ಲಿ ಅವನ್ನು ಸೃಷ್ಟಿಸಿದವರೂ ಇವರೇ. ಆದರೆ ‘ಸರ್ವೈವರ್ಸ್’ನಲ್ಲಿ ರಾಕ್ಷಸರಿಲ್ಲ, ರಾಕೆಟ್ಟಿಲ್ಲ. ಹಾಗೆ ನೋಡಿದರೆ ಹೆಣಗಳೂ ಜಾಸ್ತಿ ಕಾಣುವುದಿಲ್ಲ. ಹಸಿರು ಗದ್ದೆ, ಖಾಲಿ ರಸ್ತೆ, ಮಾತಾಡುತ್ತಾ ನಿಂತ ನಾಲ್ಕು ಜನ. ದುಡ್ಡಿಲ್ಲದೆ ಹೀಗೆ ಮಾಡಿದರೋ, ಬೇಕೆಂದೇ ಮಾಡಿದರೋ, ಎರಡೂ ಇರಬಹುದು. ಆ ಸದ್ದಿಲ್ಲದ ಹಸಿರು ಮಾತ್ರ ಯಾವ ಹೆಣಕ್ಕಿಂತ ಜಾಸ್ತಿ ಹೆದರಿಸುತ್ತದೆ.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. 1973ರಲ್ಲಿ ತೈಲ ಬಿಕ್ಕಟ್ಟು. ಜೊತೆಗೆ ಗಣಿ ಕಾರ್ಮಿಕರ ಹೋರಾಟ. 1974ರ ಜನವರಿಯಿಂದ ಮಾರ್ಚ್‌ವರೆಗೆ ಬ್ರಿಟನ್ನಿನ ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ ವಾರದಲ್ಲಿ ಮೂರೇ ದಿನ ವಿದ್ಯುತ್. ಅರ್ಧ ಜಗತ್ತನ್ನು ಆಳಿದವರು ಮೇಣದಬತ್ತಿ ಹಚ್ಚಿಕೊಂಡು ಕೂತರು. ಸ್ವಿಚ್ ಒತ್ತಿದರೂ ದೀಪ ಹತ್ತದೇ ಇರಬಹುದು ಅನ್ನುವ ಅನುಭವ ನಮಗೆ ಮಾಮೂಲಿ. ಅವರಿಗೆ ಅದು ಆಘಾತ. ಇನ್ನೊಂದು ತಮಾಷೆ ಕೇಳಿ. ‘ಸರ್ವೈವರ್ಸ್’ ಶುರುವಾಗುವುದಕ್ಕೆ ಹನ್ನೆರಡು ದಿನ ಮುಂಚೆ, ಅದೇ ಚಾನೆಲ್ಲಿನಲ್ಲಿ, ‘ದಿ ಗುಡ್ ಲೈಫ್’ ಅನ್ನುವ ಹಾಸ್ಯ ಧಾರಾವಾಹಿ ಶುರುವಾಯಿತು. ಲಂಡನ್ನಿನ ಹೊರವಲಯದ ಒಬ್ಬ ನೌಕರಿ ಬಿಟ್ಟು, ಹೆಂಡತಿ ಜೊತೆ ಮನೆ ಹಿತ್ತಲಲ್ಲೇ ತರಕಾರಿ ಬೆಳೆದು ಹಂದಿ ಸಾಕುವ ಕಥೆ. ಕೈಯಾರೆ ದುಡಿದು ಬದುಕುವ ಆಸೆ ಒಂದರಲ್ಲಿ ನಗು, ಇನ್ನೊಂದರಲ್ಲಿ ನಡುಕ.

ನಮ್ಮಲ್ಲಿ ಆಗ ಟಿವಿ ಎಲ್ಲಿತ್ತು ಅಂತ ಕೇಳುತ್ತೀರಾ? ಅದೇ 1975ರ ಆಗಸ್ಟಿನಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಅದರಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಇದ್ದವು. ನಮ್ಮವರು ಟಿವಿಯಲ್ಲಿ ಬೇಸಾಯದ ಪಾಠ ನೋಡುವ ಹೊತ್ತಿಗೆ ಇಂಗ್ಲೆಂಡಿನ ಟಿವಿಯಲ್ಲಿ ನೇಗಿಲು ಹಿಡಿಯಲು ಬಾರದವರ ಕಥೆ ಓಡುತ್ತಿತ್ತು. ಇರಲಿ, ವಿಷಯಕ್ಕೆ ಬರುತ್ತೇನೆ.

ಮೊದಲ ಕಂತಿನಲ್ಲಿ ಆಬಿ ಗ್ರಾಂಟ್ ಅನ್ನುವ ಹೆಂಗಸು ತನ್ನ ಮನೆಯಂಗಳದಲ್ಲಿ ಟೆನಿಸ್ ಆಡುತ್ತಿದ್ದಾಳೆ. ಎದುರಿಗೆ ಆಟಗಾರರಿಲ್ಲ. ಚೆಂಡು ಎಸೆಯುವ ಯಂತ್ರ ಇದೆ. ಅನುಕೂಲಸ್ಥರ ಮನೆ. ಗಂಡ ಲಂಡನ್ನಿನಲ್ಲಿ ಕೆಲಸಕ್ಕೆ ಹೋಗಿ ಬರುವವನು. ಮಗ ಪೀಟರ್ ಬೋರ್ಡಿಂಗ್ ಶಾಲೆಯಲ್ಲಿ. ರೈಲು ತಡವಾಗುತ್ತದೆ, ಫೋನ್ ಸಿಗುವುದಿಲ್ಲ, ‘ಏನೋ ಫ್ಲೂ ಅಂತೆ’ ಅನ್ನುವ ಮಾತು. ನಾವೆಲ್ಲ 2020ರ ಮಾರ್ಚ್ ಮೊದಲ ವಾರದಲ್ಲಿ ಹೀಗೇ ಮಾತಾಡಿದ್ದೆವು, ಅಲ್ವಾ? ದೊಡ್ಡ ನಗರ ಅಂದರೆ ಮುದ್ದಿನಿಂದ ಸಾಕಿದ ಕೂಸಿನ ಹಾಗೆ, ಅದಕ್ಕೆ ತಿನ್ನಿಸಲು, ತೊಳೆಯಲು ಸಾವಿರಾರು ಜನ ಬೇಕು ಅಂತ ಆಬಿ ಹೇಳುತ್ತಾಳೆ. ಅತ್ತ ಲಂಡನ್ನಿನಲ್ಲಿ ಜೆನ್ನಿ ಅನ್ನುವ ಹುಡುಗಿಗೆ ಪರಿಚಯದ ಡಾಕ್ಟರು ಹೇಳುವುದು ಒಂದೇ ಮಾತು: ಊರು ಬಿಡು.

ಆಬಿಗೂ ಕಾಯಿಲೆ ಬರುತ್ತದೆ. ಕೆಲವು ದಿನ ಎಚ್ಚರವಿಲ್ಲದೆ ಮಲಗಿ, ಎದ್ದು ನೋಡಿದರೆ ಗಂಡ ಸತ್ತಿದ್ದಾನೆ. ಊರೆಲ್ಲ ಸತ್ತಿದೆ. ಅವಳು ಮಗನ ಶಾಲೆಗೆ ಹೋಗುತ್ತಾಳೆ. ಮಗ ಅಲ್ಲಿಲ್ಲ. ಒಬ್ಬ ಮುದುಕ ಮೇಷ್ಟ್ರು ಸಿಗುತ್ತಾರೆ. ಕಿವಿ ಸರಿಯಾಗಿ ಕೇಳಿಸದ ಮನುಷ್ಯ, ಕಿವಿಗೆ ಯಂತ್ರ ಹಾಕಿಕೊಂಡಿದ್ದಾರೆ. ಅವರು ಆಬಿಗೆ ಹೇಳುವ ಮಾತಿನ ಸಾರ ಇಷ್ಟು: ಅಂಗಡಿಯಲ್ಲಿ ಉಳಿದ ಡಬ್ಬಿಗಳನ್ನು ತಿಂದು ಎಷ್ಟು ದಿನ ಬದುಕುತ್ತೀಯ? ಅದು ಮುಗಿದ ಮೇಲೆ ಎಲ್ಲವನ್ನೂ ಮೊದಲಿನಿಂದ ಮಾಡಲು ಕಲಿಯಬೇಕು. ಆಬಿ ಮನೆಗೆ ವಾಪಸ್ ಬರುತ್ತಾಳೆ. ಕೂದಲು ಕತ್ತರಿಸಿಕೊಳ್ಳುತ್ತಾಳೆ. ಗಂಡನ ಹೆಣ ಒಳಗಿದ್ದ ಹಾಗೇ ಮನೆಗೆ ಬೆಂಕಿ ಇಟ್ಟು ಹೊರಡುತ್ತಾಳೆ. ಕ್ಯಾರೊಲಿನ್ ಸೀಮೋರ್ ಈ ಪಾತ್ರ ಮಾಡಿದ್ದಾರೆ. ಆ ಮುಖ ಮರೆಯುವುದು ಕಷ್ಟ.

ಅಲ್ಲಿಗೆ ರೋಗದ ಕಥೆ ಮುಗಿಯಿತು. ಒಂದೇ ಕಂತು. ಉಳಿದ 37 ಕಂತು ಬೇರೆ ವಿಷಯ. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. ಇದು ಕಾಯಿಲೆಯ ಧಾರಾವಾಹಿ ಅಲ್ಲ. ಇದು ಉಪ್ಪಿನ ಧಾರಾವಾಹಿ.

ತಮಾಷೆ ಮಾಡುತ್ತಿಲ್ಲ. ಎರಡನೇ ಸರಣಿಯ ಒಂದು ಕಂತಿನಲ್ಲಿ ಚಾರ್ಲ್ಸ್ ಮತ್ತು ಪೆಟ್ ಅನ್ನುವ ಇಬ್ಬರು ಉಪ್ಪು ಹುಡುಕಿಕೊಂಡು ಹೋಗಿ ಬರುತ್ತಾರೆ. ಉಪ್ಪಿಗಾಗಿ ಒಂದು ಪ್ರಯಾಣ! ಉಪ್ಪಿಲ್ಲದೆ ಮಾಂಸ ಕೆಡದಂತೆ ಇಡಲಾಗದು, ಚಳಿಗಾಲ ಕಳೆಯುವುದು ಕಷ್ಟ. ಪೆಟ್ರೋಲ್ ಇದೆ, ಆದರೆ ಇಟ್ಟಷ್ಟೂ ಕೆಡುತ್ತದೆ. ಗುದ್ದಲಿ ಇದೆ, ಮುರಿದರೆ? ಕಮ್ಮಾರ ಬೇಕು. ಕಮ್ಮಾರನಿಗೆ ಕಬ್ಬಿಣ ಬೇಕು. ಕಬ್ಬಿಣಕ್ಕೆ ಅದಿರು ಬೇಕು, ಅದಿರು ಕರಗಿಸಲು ಕುಲುಮೆ ಬೇಕು, ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಕಡಿಯಬೇಕು, ಮರ ಕಡಿಯಲು ಕೊಡಲಿ ಬೇಕು. ಕೊಡಲಿ ಅಂದರೆ ಮತ್ತೆ ಕಬ್ಬಿಣ. ಒಂದು ಸುತ್ತು ಹೊಡೆದು ಅಲ್ಲೇ ಬಂದು ನಿಂತೆವು. ಇದನ್ನು ನೋಡುವಾಗ ನಾನು ನನ್ನ ಶರ್ಟಿನ ಗುಂಡಿ ಹಿಡಿದುಕೊಂಡು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಗುಂಡಿ ಹೊಲಿಯಲು ನನಗೆ ಬರುತ್ತದೆ. ಸೂಜಿ?

ಇಲ್ಲಿ ನನ್ನದೊಂದು ತಕರಾರಿದೆ. ಇದು ನಿಜಕ್ಕೂ ಮನುಷ್ಯಕುಲದ ಭಯವೋ, ಇಂಗ್ಲೆಂಡಿನ ಮಧ್ಯಮವರ್ಗದ ಭಯವೋ? 1975ರಲ್ಲಿ ನಮ್ಮ ಸಾಧಾರಣ ಹಳ್ಳಿಯಲ್ಲಿ ಕಮ್ಮಾರ ಇದ್ದ, ಬಡಗಿ ಇದ್ದ, ಕುಂಬಾರ ಇದ್ದ. ಸೂಲಗಿತ್ತಿ ಇದ್ದಳು. ಬೀಜದ ಕಾಳನ್ನು ಬೂದಿ ಕಲಸಿ ಮಡಕೆಯಲ್ಲಿ ಎತ್ತಿಡುವುದು ಅಜ್ಜಿಗೆ ಗೊತ್ತಿತ್ತು. ಟೆರಿ ನೇಶನ್ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಕೇರಿ ಕೇರಿಯಲ್ಲೂ ಕೂತಿತ್ತು. ಹಾಗಂತ ಹಳ್ಳಿಯನ್ನು ಹಾಡಿ ಹೊಗಳಲು ನಾನು ತಯಾರಿಲ್ಲ. ಆ ಕೈಕೆಲಸ ಜಾತಿಯ ಗಂಟಿನ ಜೊತೆ ಬರುತ್ತಿತ್ತು. ಕೆಲಸ ಬಲ್ಲವನಿಗೆ ಮಾನ ಇರುತ್ತಿರಲಿಲ್ಲ, ಮಾನ ಇದ್ದವನಿಗೆ ಕೆಲಸ ಬರುತ್ತಿರಲಿಲ್ಲ. ಆಬಿ ಗ್ರಾಂಟ್ ನಮ್ಮಲ್ಲೂ ಇದ್ದಳು, ದೊಡ್ಡ ಮನೆಯಲ್ಲಿ. ಇವತ್ತಂತೂ ಈ ಸಭಾಂಗಣದಲ್ಲಿ ಕೂತ ನಾವೆಲ್ಲ ಆಬಿಗಳೇ. ಇಲ್ಲಿ ಕುಲುಮೆ ಊದಲು ಬರುವವರು ಯಾರಾದರೂ ಇದ್ದರೆ ಕೈ ಎತ್ತಿ. (ಒಬ್ಬರು ಎತ್ತಿದರು. ಹಿಂದಿನ ಸಾಲಿನಲ್ಲಿದ್ದ ಹಿರಿಯರು. ಎಲ್ಲರೂ ಚಪ್ಪಾಳೆ ತಟ್ಟಿದೆವು.)

ಉಪ್ಪಿನ ಜೊತೆಗೆ ಇನ್ನೊಂದು ಪ್ರಶ್ನೆ ಇದೆ. ಯಜಮಾನ ಯಾರು? ನೆಲ ಉಳುವ ಮೊದಲೇ ಇದು ಶುರುವಾಗುತ್ತದೆ. ಎರಡನೇ ಕಂತಿಗೇ ವರ್ಮ್‌ಲಿ ಅನ್ನುವವನು ಬರುತ್ತಾನೆ. ಮೊದಲು ಕಾರ್ಮಿಕ ಸಂಘದ ಮುಖಂಡ. ಈಗ ಬಂದೂಕು ಹಿಡಿದ ನಾಲ್ಕು ಜನರನ್ನು ಕಟ್ಟಿಕೊಂಡು ‘ನಾನೇ ಸರ್ಕಾರ’ ಅನ್ನುತ್ತಾನೆ. ಮೂರನೇ ಕಂತಿನಲ್ಲಿ ಆಬಿ, ಜೆನ್ನಿ, ಅವರ ಜೊತೆಗಿರುವ ಗ್ರೆಗ್ ಅನ್ನುವವನು ಒಂದು ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಾರೆ. ಒಳಗೆ ವರ್ಮ್‌ಲಿಯ ಕಡೆಯವರು ಒಬ್ಬನನ್ನು ನೇಣು ಹಾಕಿದ್ದಾರೆ. ಮೈಮೇಲೆ ಫಲಕ: ಲೂಟಿಕೋರ. ದೇಶದಲ್ಲಿ ಹನ್ನೊಂದು ಸಾವಿರ ಜನ ಉಳಿದಿದ್ದಾರೆ, ಅಂಗಡಿ ತುಂಬ ಸಾಮಾನು ಇದೆ, ಆದರೂ ಒಬ್ಬನಿಗೆ ನೇಣು. ಸಾಮಾನು ಕಡಿಮೆ ಬಿದ್ದದ್ದಕ್ಕೆ ಅಲ್ಲ. ಇದು ಯಾರದ್ದು ಅಂತ ತೋರಿಸುವುದಕ್ಕೆ.

ವರ್ಮ್‌ಲಿ ಕೆಟ್ಟವನು, ನಾವು ಒಳ್ಳೆಯವರು ಅಂತ ನೋಡುವವರು ನಿರಾಳವಾಗುತ್ತಾರೆ. ಆಮೇಲೆ ಬರುತ್ತದೆ ನೋಡಿ, ‘ಲಾ ಅಂಡ್ ಆರ್ಡರ್’ ಅನ್ನುವ ಕಂತು. 38 ಕಂತಿನಲ್ಲಿ ಒಂದೇ ನೋಡುವುದಾದರೆ ಇದನ್ನು ನೋಡಿ.

ಆ ಹೊತ್ತಿಗೆ ಆಬಿಯ ಗುಂಪು ಒಂದು ಹಳೆಯ ದೊಡ್ಡ ಬಂಗಲೆಯಲ್ಲಿ ನೆಲೆಸಿದೆ. ಹರ್ಫರ್ಡ್‌ಶೈರ್‌ನ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಚಿತ್ರೀಕರಿಸಿದ್ದು. (ಲಂಡನ್ ಹತ್ತಿರದ ಅರಮನೆ ಅಲ್ಲ, ಹೆಸರು ಮಾತ್ರ ಒಂದೇ.) ಗುಂಪಿನಲ್ಲಿ ಬಾರ್ನಿ ಅನ್ನುವವನಿದ್ದಾನೆ. ಬುದ್ಧಿ ಬೆಳವಣಿಗೆ ಕಡಿಮೆ ಇರುವ, ಯಾರಿಗೂ ತೊಂದರೆ ಕೊಡದ ಯುವಕ. ಟಾಮ್ ಪ್ರೈಸ್ ಇದ್ದಾನೆ. ವೇಲ್ಸ್‌ನ ಅಲೆಮಾರಿ, ಬಾಯಿ ತುಂಬ ಸುಳ್ಳು, ನೋಡಿದರೆ ನಗು ಬರುವ ಮನುಷ್ಯ. ಅಲ್ಲಿಯವರೆಗೂ ಅವನು ಹಾಸ್ಯ ಪಾತ್ರ. ಒಂದು ರಾತ್ರಿ ಎಲ್ಲರೂ ಸೇರಿ ಕುಡಿದು ಕುಣಿಯುತ್ತಾರೆ. ಬೆಳಗಾಗುವಾಗ ವೆಂಡಿ ಅನ್ನುವ ಹುಡುಗಿಯ ಕೊಲೆಯಾಗಿದೆ. ಅನುಮಾನ ಬಾರ್ನಿಯ ಮೇಲೆ. ಪಾಪ, ಅವನಿಗೆ ತನ್ನ ಪರವಾಗಿ ಮಾತಾಡಲೂ ಬರುವುದಿಲ್ಲ.

ಈಗ ಏನು ಮಾಡುವುದು? ಪೊಲೀಸರಿಲ್ಲ, ಕೋರ್ಟಿಲ್ಲ, ಜೈಲಿಲ್ಲ. ಜೈಲು ಕಟ್ಟಿದರೆ ಅವನನ್ನು ಕಾಯಲು ಒಬ್ಬ ಬೇಕು, ಅವನಿಗೆ ಅನ್ನ ಹಾಕಲು ಇನ್ನೊಬ್ಬರು ದುಡಿಯಬೇಕು. ಗುಂಪಿನಿಂದ ಹೊರಗೆ ಹಾಕಿದರೆ ಮತ್ತೆ ಬಂದಾನು ಅನ್ನುವ ಭಯ. ಒಂದು ಮೇಜಿನ ಸುತ್ತ ಕೂತು, ನಮ್ಮ ನಿಮ್ಮಂಥ ಮರ್ಯಾದಸ್ಥರು ಚರ್ಚೆ ಮಾಡುತ್ತಾರೆ. ಯಾರೂ ಕೂಗಾಡುವುದಿಲ್ಲ. ಆಮೇಲೆ ಮತಕ್ಕೆ ಹಾಕುತ್ತಾರೆ. ಸಾವು ಅಂತ ತೀರ್ಮಾನ ಆಗುತ್ತದೆ. ಗುಂಡು ಹೊಡೆಯುವವನು ಗ್ರೆಗ್, ಎಂಜಿನಿಯರ್, ಗುಂಪಿನ ನಂಬಿಕಸ್ಥ ಮನುಷ್ಯ.

ಆಮೇಲೆ ಟಾಮ್ ಪ್ರೈಸ್ ಬಾಯಿ ಬಿಡುತ್ತಾನೆ. ಕೊಂದದ್ದು ಅವನು.

ನನಗೆ ಮೈ ಜುಮ್ಮೆಂದದ್ದು ಆ ಕ್ಷಣದಲ್ಲಲ್ಲ. ಅದಾದ ಮೇಲೆ. ಗ್ರೆಗ್ ಮತ್ತು ಆಬಿ ಕೂತು ಯೋಚನೆ ಮಾಡುತ್ತಾರೆ. ಇದನ್ನು ಎಲ್ಲರಿಗೂ ಹೇಳಿದರೆ ಗುಂಪು ಒಡೆಯುತ್ತದೆ. ಪ್ರೈಸ್‌ನನ್ನೂ ಕೊಂದರೆ ದುಡಿಯುವ ಎರಡು ಕೈ ಕಡಿಮೆ. ಸುಮ್ಮನಿರೋಣ ಅಂತ ತೀರ್ಮಾನ ಮಾಡುತ್ತಾರೆ. ಮಾರನೆಯ ದಿನವೂ ಅದೇ ಮೇಜು, ಅದೇ ಊಟ, ಪ್ರೈಸ್ ಜೊತೆಯಲ್ಲೇ. ವರ್ಮ್‌ಲಿಯ ನೇಣಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಧಾರಾವಾಹಿ ಕೇಳುವುದಿಲ್ಲ. ಹಿನ್ನೆಲೆ ಸಂಗೀತ ಹಾಕಿ ಅಳಿಸುವುದೂ ಇಲ್ಲ. ಬರೆದವರು ಕ್ಲೈವ್ ಎಕ್ಸ್‌ಟನ್, ಅದೂ ಬೇರೆ ಹೆಸರಿಟ್ಟುಕೊಂಡು. ಈಗಿನ ವೆಬ್ ಸೀರೀಸ್ ಆಗಿದ್ದರೆ ಪ್ರೈಸ್‌ಗೆ ಎರಡೇ ಕಂತಿನಲ್ಲಿ ಶಿಕ್ಷೆ ಕೊಡಿಸಿ ನಮ್ಮನ್ನು ಸಮಾಧಾನ ಮಾಡಿ ಮಲಗಿಸುತ್ತಿದ್ದರು.

ಇಷ್ಟು ಒಳ್ಳೆಯ ಧಾರಾವಾಹಿ ಅಂತ ಹೇಳಿ ಅದರ ಗೋಳು ಹೇಳದಿದ್ದರೆ ತಪ್ಪು. ಟೆರಿ ನೇಶನ್‌ಗೂ ನಿರ್ಮಾಪಕ ಟೆರೆನ್ಸ್ ಡಡ್ಲಿಗೂ ಸರಿಹೋಗಲಿಲ್ಲ. ಒಬ್ಬರಿಗೆ ಸಾಹಸ, ಓಟ, ಅಪಾಯ ಬೇಕು. ಇನ್ನೊಬ್ಬರಿಗೆ ಜನ ಒಂದು ಕಡೆ ನೆಲೆಸಿ ಹೇಗೆ ಬಾಳುತ್ತಾರೆ ಅಂತ ತೋರಿಸಬೇಕು. ಮೊದಲ ಸರಣಿ ಆದ ಮೇಲೆ ನೇಶನ್ ಹೊರನಡೆದರು. ಕ್ಯಾರೊಲಿನ್ ಸೀಮೋರ್ ಕೂಡ ಇಲ್ಲ. ಎರಡನೇ ಸರಣಿಯ ಶುರುವಿನಲ್ಲೇ ಬಂಗಲೆಗೆ ಬೆಂಕಿ ಬೀಳುತ್ತದೆ, ಹಳೆಯ ಪಾತ್ರಗಳು ಎಷ್ಟೋ ಅದರಲ್ಲೇ ಹೋಗುತ್ತವೆ. ಉಳಿದವರು ಚಾರ್ಲ್ಸ್ ವಾನ್‌ನ ಜೊತೆ ಸೇರಿ ಬೇರೆ ಕಡೆ ಬೇಸಾಯಕ್ಕೆ ಇಳಿಯುತ್ತಾರೆ. ಮುಖಂಡತ್ವ ಹೆಂಗಸಿನ ಕೈಯಿಂದ ಸದ್ದಿಲ್ಲದೆ ಗಂಡಸರ ಕೈಗೆ ಹೋಗುತ್ತದೆ. 1975ಕ್ಕೆ ಒಬ್ಬ ಹೆಂಗಸನ್ನು ನಾಯಕಿ ಮಾಡಿದ್ದು ಎಷ್ಟು ದೊಡ್ಡದೋ, ಇದು ಅಷ್ಟೇ ಸಣ್ಣತನ ಅನ್ನಿಸಿತು ನನಗೆ. ಹಂದಿ ಸಾಕಣೆ, ಗೊಬ್ಬರ, ಕೊಟ್ಟಿಗೆಯ ಕಂತುಗಳು ಬೇಸರ ತರಿಸುತ್ತವೆ ಅಂತ ಹಲವರು ಹೇಳುತ್ತಾರೆ. ನನಗೆ ಅವೇ ಇಷ್ಟ. ಬೇಸಾಯ ಬೇಸರದ ಕೆಲಸ ಅಂತ ಯಾರಾದರೂ ಟಿವಿಯಲ್ಲಿ ಹೇಳಬೇಕಿತ್ತು.

ಎರಡನೇ ಸರಣಿಯಲ್ಲಿ ‘ಲೈಟ್ಸ್ ಆಫ್ ಲಂಡನ್’ ಅಂತ ಎರಡು ಭಾಗದ ಕಥೆ ಬರುತ್ತದೆ. ಲಂಡನ್ನಿನಲ್ಲಿ ಉಳಿದವರು 500 ಜನ. ಉಳಿದದ್ದೆಲ್ಲ ಇಲಿಗಳದ್ದು. ಆ ಸರಣಿಯ ಕೊನೆಯಲ್ಲಿ ನಾರ್ವೆಯಿಂದ ಬಿಸಿಗಾಳಿಯ ಬಲೂನಿನಲ್ಲಿ ಜನ ಬರುತ್ತಾರೆ, ಗ್ರೆಗ್ ಅದೇ ಬಲೂನಿನಲ್ಲಿ ಹಾರಿ ಹೋಗುತ್ತಾನೆ. ಮೂರನೇ ಸರಣಿ ಅವನನ್ನು ಹುಡುಕುವ ಕಥೆ. ನಡುವೆ ಹುಚ್ಚುನಾಯಿಯ ಕಂತೊಂದಿದೆ. ಲಸಿಕೆ ಇಲ್ಲದ ಜಗತ್ತಿನಲ್ಲಿ ನಾಯಿ ಕಡಿತ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗ್ರೆಗ್‌ನ ಸಾವಿನ ಬಗ್ಗೆ ಒಂದು ಮಾತು. ಆ ಪಾತ್ರ ಮಾಡಿದ ಇಯಾನ್ ಮೆಕಲಕ್ ತಮ್ಮ ಸಾವಿನ ಕಂತನ್ನು ತಾವೇ ಬರೆದರು! ಗ್ರೆಗ್‌ಗೆ ಸಿಡುಬು ತಗಲುತ್ತದೆ. ತನ್ನನ್ನು ಹೊಡೆದು ದೋಚಿದ ಪುಂಡರ ಗುಂಪಿನ ಜೊತೆ ಬೇಕೆಂದೇ ಸೇರಿಕೊಂಡು, ಅವರಿಗೂ ಅದನ್ನು ಹಂಚುತ್ತಾನೆ. ಕಂತಿನ ಹೆಸರು ‘ದಿ ಲಾಸ್ಟ್ ಲಾಫ್’, ಕೊನೆಯ ನಗು. ಇದು ಪ್ರಸಾರವಾದದ್ದು 1977ರಲ್ಲಿ. ಈಗ ಇದನ್ನು ಹೊರಗಿನ ಜಗತ್ತಿನ ಪಕ್ಕ ಇಟ್ಟು ನೋಡಿ. 1974ರಲ್ಲಿ ಬಿಹಾರದಲ್ಲಿ ಸಿಡುಬು ಭಯಂಕರವಾಗಿ ಹಬ್ಬಿತ್ತು. ಆರೋಗ್ಯ ಕಾರ್ಯಕರ್ತರು ಮನೆ ಮನೆ ಬಾಗಿಲು ತಟ್ಟಿದರು. ಭಾರತದ ಕೊನೆಯ ಸಿಡುಬು ಪ್ರಕರಣ ಸಿಕ್ಕಿದ್ದು 1975ರ ಮೇ ತಿಂಗಳಲ್ಲಿ. ಅಂದರೆ ‘ಸರ್ವೈವರ್ಸ್’ನ ಮೊದಲ ಸರಣಿ ಓಡುತ್ತಿದ್ದಾಗಲೇ. ಜಗತ್ತಿನಲ್ಲಿ ಸಹಜವಾಗಿ ತಗಲಿದ ಕೊನೆಯ ಸಿಡುಬು 1977ರ ಅಕ್ಟೋಬರಿನಲ್ಲಿ, ಸೊಮಾಲಿಯಾದಲ್ಲಿ. ಗ್ರೆಗ್ ಟಿವಿಯಲ್ಲಿ ಸಿಡುಬಿನಿಂದ ಸತ್ತ ಅದೇ ವರ್ಷ. ಇಂಗ್ಲೆಂಡಿನವರು ಮನೆಯಲ್ಲಿ ಕೂತು ‘ಕಾಯಿಲೆ ಬಂದರೆ ಎಲ್ಲ ಮುಗಿಯಿತು’ ಅಂತ ನೋಡುತ್ತಿದ್ದಾಗ, ಬಿಹಾರದ ಕಾಲುದಾರಿಗಳಲ್ಲಿ ಲಸಿಕೆ ಹಾಕುವ ಕವಲು ಸೂಜಿ ಹಿಡಿದು ಓಡಾಡಿದವರು ಒಂದು ಕಾಯಿಲೆಯನ್ನೇ ಮುಗಿಸುತ್ತಿದ್ದರು. ಎಂಥ ಕಥೆ! ಇದರ ಮೇಲೆ 38 ಕಂತು ಯಾರೂ ಮಾಡಲಿಲ್ಲ.

ಕೊನೆಯ ಕಂತು ‘ಪವರ್’. ಸ್ಕಾಟ್ಲೆಂಡಿನ ಜಲವಿದ್ಯುತ್ ಕೇಂದ್ರ ಮತ್ತೆ ಓಡುವ ಕಥೆ. ಕರೆಂಟ್ ಬರುವುದು ಗೆಲುವೋ, ಮತ್ತೆ ಹಳೆಯ ಜಗಳದ ಶುರುವೋ ಅಂತ ಅಲ್ಲೂ ಕಿತ್ತಾಟ ಇದೆ. ನನಗೆ ಆ ಮುಕ್ತಾಯ ಸ್ವಲ್ಪ ಅವಸರ ಅನ್ನಿಸಿತು. 2008ರಲ್ಲಿ ಬಿಬಿಸಿ ಇದನ್ನು ಹೊಸದಾಗಿ ಮಾಡಿತು, 2010ರವರೆಗೆ ಎರಡು ಸರಣಿ. ಚೆನ್ನಾಗಿ ಓಡುತ್ತದೆ. ಉಪ್ಪು ಕಡಿಮೆ.

ಇಲ್ಲಿಗೆ ನನ್ನ ಮಾತು ಮುಗಿಸಿ ಪ್ರಶ್ನೆ ಇದ್ದರೆ ಕೇಳಿ ಎಂದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಆಗಿನಿಂದ ಕಾಯುತ್ತಿದ್ದರು ಅಂತ ಕಾಣುತ್ತದೆ. ‘ಅದೆಲ್ಲ ಇರಲಿ ಸಾರ್, ಆ ಆಬಿಗೆ ಮಗ ಸಿಕ್ಕಿದನಾ?’ ಎಂದರು.

ಸರಿಯಾದ ಪ್ರಶ್ನೆ. ನಾನು ಹೇಳದೆ ಬಿಟ್ಟಿದ್ದೆ. ಮೊದಲ ಸರಣಿಯ ಕೊನೆಯಲ್ಲಿ ಮಗನ ಸುಳಿವು ಸಿಕ್ಕಿತು ಅಂತ ಆಬಿ ಹುಡುಕಿಕೊಂಡು ಹೊರಡುತ್ತಾಳೆ. ಟಿವಿಯಲ್ಲಿ ಅವಳು ಮತ್ತೆ ಬರುವುದೇ ಇಲ್ಲ. ಸಿಕ್ಕಿದನೋ ಇಲ್ಲವೋ ನೋಡುವವರಿಗೆ ತಿಳಿಯುವುದಿಲ್ಲ.

‘ಹಾಗಾದ್ರೆ ಅಷ್ಟೇನಾ?’

ಟೆರಿ ನೇಶನ್ 1976ರಲ್ಲಿ ಇದನ್ನು ಕಾದಂಬರಿ ಮಾಡಿ ಬರೆದರು, ಅದರಲ್ಲಿ ಮಗ ಸಿಗುತ್ತಾನೆ ಎಂದೆ. ಅಮ್ಮನ ಮುಖ ಅರಳಿತು. ಮುಂದಿನದನ್ನು ಹೇಳಲೋ ಬೇಡವೋ ಅಂತ ಒಂದು ಗಳಿಗೆ ನಿಂತೆ. ಹೇಳಿದೆ. ಹುಡುಗನ ಕೈಯಲ್ಲಿ ಬಂದೂಕು ಇರುತ್ತದೆ. ಬರುತ್ತಿರುವವಳು ತನ್ನ ತಾಯಿ ಅಂತ ಅವನಿಗೆ ಗೊತ್ತಾಗುವುದಿಲ್ಲ. ಗುಂಡು ಹಾರಿಸುತ್ತಾನೆ.

ಅಮ್ಮ ನನ್ನನ್ನೇ ನೋಡಿದರು, ಅದನ್ನು ಬರೆದವನು ನಾನೇ ಅನ್ನುವ ಹಾಗೆ. ‘ಟಿವಿಯೋರೇ ವಾಸಿ ಬಿಡಿ’ ಎಂದು ಚೀಲ ಎತ್ತಿಕೊಂಡರು. ಅಷ್ಟರಲ್ಲಿ ಟೀ ಬಂತು.